ಕಾರ್ತಿಕಕ್ಕೆ ಮೊದಲು ಮುಗಿಸಬೇಕಾದ ಕೆಲಸ: ಮೈಸೂರು ಪಾಲಿಕೆಗೂ ನಾಯಿ ಬೆಕ್ಕು ಸಾಕಿದವರಿಗೂ ಒಂದು ಬಹಿರಂಗ ಪತ್ರ

ಮೈಸೂರು ಮಹಾನಗರ ಪಾಲಿಕೆಯ ಮಾನ್ಯ ಆಯುಕ್ತರಿಗೆ, ಪಶುಪಾಲನೆ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಜಿಲ್ಲಾ ಅಧಿಕಾರಿಗಳಿಗೆ, ಹಾಗೂ ಮನೆಯಲ್ಲಿ ನಾಯಿ ಬೆಕ್ಕು ಸಾಕಿರುವ ಎಲ್ಲ ಮೈಸೂರಿಗರಿಗೆ,

ನಮಸ್ಕಾರ.

ಬೀದಿನಾಯಿಗಳ ಆಪರೇಷನ್ನಿಗೆ ದುಡ್ಡು ಖರ್ಚಾಗುತ್ತಲೇ ಇದೆ, ನಾಯಿಗಳು ಮಾತ್ರ ಕಡಿಮೆಯಾಗುತ್ತಿಲ್ಲ ಎಂದು ಊರಿನ ಎಲ್ಲ ಬಡಾವಣೆಗಳಲ್ಲೂ ಜನ ಹೇಳುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಹಾಗೆಂದು ಸಂತಾನಹರಣ ಶಸ್ತ್ರಚಿಕಿತ್ಸೆಯೇ ದಂಡ ಎಂದುಕೊಂಡರೆ ಅದು ತಪ್ಪು. ಎಡವುತ್ತಿರುವುದು ಮೂರು ಕಡೆ: ಎಲ್ಲಿ ಮಾಡುತ್ತೇವೆ, ಯಾವ ತಿಂಗಳಲ್ಲಿ ಮಾಡುತ್ತೇವೆ, ಯಾವ ನಾಯಿಗೆ ಮಾಡುತ್ತೇವೆ ಎಂಬಲ್ಲಿ. ಆದ್ದರಿಂದ ನಮ್ಮ ಕೋರಿಕೆ ಇಷ್ಟು. 65 ವಾರ್ಡುಗಳಿಗೂ ಚೂರುಚೂರು ಹಂಚುವುದನ್ನು ಬಿಟ್ಟು, ಅಕ್ಕಪಕ್ಕದ ವಾರ್ಡುಗಳನ್ನು ಒಂದೊಂದಾಗಿ ಪೂರ್ತಿ ಮುಗಿಸುತ್ತ ಹೋಗಿ. ಹೆಣ್ಣುನಾಯಿಗಳನ್ನು ಮೊದಲು ಹಿಡಿಯಿರಿ. ಬೀದಿಯ ನಾಯಿಯ ಜೊತೆಗೆ ಗೇಟಿನೊಳಗಿನ ನಾಯಿಯನ್ನೂ ಲೆಕ್ಕಕ್ಕೆ ತನ್ನಿ.

ಒಂದು ಸಣ್ಣ ಲೆಕ್ಕ ನೋಡಿ. ಒಂದು ವಾರ್ಡಿನಲ್ಲಿ 200 ಹೆಣ್ಣುನಾಯಿ ಇವೆ ಎಂದಿಟ್ಟುಕೊಳ್ಳೋಣ. ವರ್ಷದಲ್ಲಿ 60ಕ್ಕೆ ಆಪರೇಷನ್ ಆಯಿತು. ಉಳಿದ 140 ವರ್ಷಕ್ಕೆ ಒಂದೇ ಸಲ, ತಲಾ 5 ಮರಿ ಹಾಕಿದರೂ 700 ಮರಿ. ಬೀದಿಯಲ್ಲಿ ಹುಟ್ಟಿದ ಮರಿಗಳಲ್ಲಿ ಹೆಚ್ಚಿನವು ಹಸಿವು, ಪಾರ್ವೊ ಎಂಬ ವೈರಾಣು ರೋಗ, ಗಾಡಿ ಚಕ್ರಕ್ಕೆ ಸಿಕ್ಕಿ ಸಾಯುತ್ತವೆ. ಐದರಲ್ಲಿ ಒಂದೇ ಬದುಕಿತು ಎಂದರೂ 140 ಉಳಿದವು, ಅದರಲ್ಲಿ ಅರ್ಧ, ಅಂದರೆ 70 ಹೆಣ್ಣು. ನಾವು 60ಕ್ಕೆ ಮಾಡಿದೆವು, ಮರಿ ಹಾಕಬಲ್ಲ 70 ಹೊಸದಾಗಿ ಬಂದವು. ಅದೇ ವಾರ್ಡಿನಲ್ಲಿ 160ಕ್ಕೆ ಆಪರೇಷನ್ ಆಗಿದ್ದರೆ? ಉಳಿದ 40ರಿಂದ 200 ಮರಿ, ಬದುಕುವುದು 40, ಹೆಣ್ಣು 20. ಮುಪ್ಪು, ರೋಗ, ಅಪಘಾತದಿಂದ ವರ್ಷಕ್ಕೆ ಸಾಯುವ ದೊಡ್ಡ ನಾಯಿಗಳೇ ಇದಕ್ಕಿಂತ ಹೆಚ್ಚು. ಸಂಖ್ಯೆ ಅಲ್ಲಿಂದ ಇಳಿಯತೊಡಗುತ್ತದೆ. ಈಗ ಎರಡನ್ನೂ ಪಕ್ಕಪಕ್ಕ ಇಡಿ. ಎಂಟು ವಾರ್ಡಿನಲ್ಲಿ ಅರವತ್ತರಂತೆ ಮಾಡಿದರೂ 480 ಆಪರೇಷನ್, ಮೂರು ವಾರ್ಡಿನಲ್ಲಿ ನೂರಅರವತ್ತರಂತೆ ಮಾಡಿದರೂ 480. ಖರ್ಚು ಒಂದೇ. ಮೊದಲನೆಯದರಲ್ಲಿ ಎಂಟು ವಾರ್ಡಿನಲ್ಲೂ ಏನೂ ಬದಲಾಗಿರುವುದಿಲ್ಲ, ಎರಡನೆಯದರಲ್ಲಿ ಮೂರು ವಾರ್ಡಿನ ಜನರಿಗೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹಂಚಿ ಮಾಡಿದರೆ ಎಲ್ಲ ವಾರ್ಡಿನವರಿಗೂ ಒಂದಿಷ್ಟು ಸಮಾಧಾನ ಸಿಗುತ್ತದೆ ಎಂಬುದು ಗೊತ್ತು. ಆದರೆ ಆ ಸಮಾಧಾನ ಮುಂದಿನ ಮರಿಗಾಲದವರೆಗೂ ಬಾಳುವುದಿಲ್ಲ.

ಗಂಡುನಾಯಿಯ ವಿಷಯಕ್ಕೆ ಬಂದರೆ, ನೂರು ಗಂಡಿನಲ್ಲಿ ತೊಂಬತ್ತಕ್ಕೆ ಮಾಡಿದರೂ ಉಳಿದ ಹತ್ತೇ ಇಡೀ ಬಡಾವಣೆಯ ಹೆಣ್ಣುನಾಯಿಗಳಿಗೆ ಸಾಕು. ಮರಿಗಳ ಸಂಖ್ಯೆಯನ್ನು ನಿರ್ಧರಿಸುವುದು ಹೆಣ್ಣು. ಆದರೆ ತಲೆಗಿಷ್ಟು ಎಂದು ದರ ಕೊಟ್ಟು ತಿಂಗಳ ಗುರಿ ನಿಗದಿ ಮಾಡಿದಾಗ ಬಲೆಗೆ ಮೊದಲು ಬೀಳುವುದು ಬಿಸ್ಕತ್ತು ತೋರಿಸಿದರೆ ಬಾಲ ಅಲ್ಲಾಡಿಸುತ್ತ ಬರುವ ಗಂಡುನಾಯಿಗಳು. ಗಂಡಿನ ಆಪರೇಷನ್ ಬೇಗ ಮುಗಿಯುತ್ತದೆ, ಗಾಯ ಬೇಗ ಮಾಯುತ್ತದೆ, ತಿಂಗಳ ಪಟ್ಟಿ ತುಂಬುತ್ತದೆ. ಚರಂಡಿ ಪೈಪಿನೊಳಗೆ ಅಡಗುವ, ವ್ಯಾನಿನ ಸದ್ದು ಕೇಳಿದೊಡನೆ ಓಟ ಕೀಳುವ ಹೆಣ್ಣು ಹಾಗೇ ಉಳಿದುಬಿಡುತ್ತದೆ. ಕರಾರಿನಲ್ಲೇ ಒಂದು ಸಾಲು ಸೇರಿಸಿ: ಮೂರರಲ್ಲಿ ಎರಡು ಹೆಣ್ಣಾಗಿರಬೇಕು. ಗಂಡಿಗೆ ಮಾಡುವುದರಿಂದ ಬೆದೆಗಾಲದ ಕಚ್ಚಾಟ, ಗುಂಪುಗೂಡಿ ಅಲೆಯುವುದು ತಗ್ಗುತ್ತದೆ, ಅದೂ ಬೇಕಾದದ್ದೇ. ಆಪರೇಷನ್ ಆದ ಮೇಲೂ ಕೆಲವು ವಾರ ಗಂಡಿನಲ್ಲಿ ವೀರ್ಯ ಉಳಿದಿರುತ್ತದೆ ಎಂಬುದು ಮಾತ್ರ ನೆನಪಿರಲಿ.

ತಿಂಗಳ ವಿಷಯ ಇನ್ನೂ ಮುಖ್ಯ. ಕಾರ್ತಿಕದ ನಾಯಿ ಎಂಬ ಮಾತನ್ನು ನಮ್ಮ ಹಿರಿಯರು ಸುಮ್ಮನೆ ಆಡಿದ್ದಲ್ಲ. ಮನೆಯೊಳಗೆ ಬೆಳೆದ ತಳಿನಾಯಿ ವರ್ಷದ ಯಾವ ತಿಂಗಳಲ್ಲಾದರೂ ಬೆದೆಗೆ ಬರಬಹುದು. ಬೀದಿಯ ಹೆಣ್ಣುನಾಯಿಗಳು ಹೆಚ್ಚಾಗಿ ಭಾದ್ರಪದದಿಂದ ಕಾರ್ತಿಕದ ನಡುವೆ ಬೆದೆಗೆ ಬರುತ್ತವೆ. ಗಬ್ಬದ ಅವಧಿ ಸುಮಾರು 63 ದಿನ. ಹಾಗಾಗಿ ದೀಪಾವಳಿ ಕಳೆದ ಮೇಲೆ, ಡಿಸೆಂಬರ್ ಜನವರಿ ಚಳಿಯಲ್ಲಿ, ಮೋರಿಯ ಪಕ್ಕ, ಕಟ್ಟುತ್ತಿರುವ ಮನೆಯ ಮರಳಿನ ಮೇಲೆಲ್ಲ ಮರಿಗಳು ಕಾಣುತ್ತವೆ. ಡಿಸೆಂಬರಿನಲ್ಲಿ ಹುಟ್ಟಿದ ಹೆಣ್ಣುಮರಿಗೆ ಜೂನ್ ಹೊತ್ತಿಗೆ ಆರು ತಿಂಗಳು. ಅದೇ ವರ್ಷದ ಕಾರ್ತಿಕಕ್ಕೆ ಅದು ಮೊದಲ ಸಲ ಬೆದೆಗೆ ಬರಬಹುದು. ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ತಿಂಗಳು ಇಷ್ಟು ಬೆಲೆಬಾಳುವುದು ಇದೇ ಕಾರಣಕ್ಕೆ. ಇನ್ನೂ ಒಂದು ಸಲವೂ ಮರಿ ಹಾಕದ, ಮೈಯಲ್ಲಿ ಕೊಬ್ಬು ಕಡಿಮೆ ಇರುವ, ರಕ್ತಸ್ರಾವದ ಭಯ ಕಡಿಮೆ ಇರುವ ಎಳೆಯ ಹೆಣ್ಣುಗಳು ಆಗ ಸಿಗುತ್ತವೆ. ಮೈಸೂರಿನಲ್ಲಿ ಜೋರು ಮಳೆ ಮೇ ತಿಂಗಳಲ್ಲೂ ಸೆಪ್ಟೆಂಬರ್ ಅಕ್ಟೋಬರ್‌ನಲ್ಲೂ ಬರುವುದರಿಂದ ನಡುವಿನ ತಿಂಗಳುಗಳಲ್ಲಿ ಗಾಯ ಒಣಗಿಸುವುದೂ ಅಷ್ಟು ಕಷ್ಟವಲ್ಲ. ಮರಿ ಹಾಕಿದ ತಾಯಿನಾಯಿಗಳನ್ನು ಮರಿಗಳು ಹಾಲು ಬಿಟ್ಟ ಮೇಲೆ, ಫೆಬ್ರವರಿಯಿಂದ ಮೇ ಒಳಗೆ ಹಿಡಿಯಬೇಕು. ಏಪ್ರಿಲ್‌ನಲ್ಲಿ ಹೊಸ ಬಜೆಟ್ ವರ್ಷ, ಆಮೇಲೆ ಟೆಂಡರ್, ಆಮೇಲೆ ತಕರಾರು, ಆಮೇಲೆ ದಸರಾ ಎಂದು ನೂಕುತ್ತ ಹೋಗಿ ವ್ಯಾನು ಬೀದಿಗಿಳಿಯುವ ಹೊತ್ತಿಗೆ ಕಾರ್ತಿಕ ಬಂದಿದ್ದರೆ ಆ ವರ್ಷದ ಕೆಲಸ ಅರ್ಧಕ್ಕರ್ಧ ವ್ಯರ್ಥ. ಬೆದೆಯಲ್ಲಿರುವ ನಾಯಿಯ ಗರ್ಭಕೋಶದ ರಕ್ತನಾಳಗಳು ಉಬ್ಬಿರುತ್ತವೆ, ಅಂಗಾಂಶ ಹಿಡಿದರೆ ಹರಿಯುವಷ್ಟು ಮೆತ್ತಗಿರುತ್ತದೆ. ಎರಡು ವರ್ಷಕ್ಕೆ ಒಮ್ಮೆಲೇ ಕರಾರು ಮಾಡಿಕೊಂಡರೆ ಈ ತೊಡಕು ತಪ್ಪುತ್ತದೆ.

ಇನ್ನು ಸಾಮರ್ಥ್ಯದ ಮಾತು. ನುರಿತ ಒಬ್ಬ ಶಸ್ತ್ರಚಿಕಿತ್ಸಕರು ಇಬ್ಬರು ಸಹಾಯಕರೊಂದಿಗೆ ದಿನಕ್ಕೆ 12 ನಾಯಿಗೆ ಅಚ್ಚುಕಟ್ಟಾಗಿ ಮಾಡಬಲ್ಲರು. ಹಿಡಿದ ದಿನ ಒಂದು, ಆಪರೇಷನ್ ದಿನ ಒಂದು, ಆಮೇಲೆ ಕನಿಷ್ಠ ನಾಲ್ಕು ದಿನದ ಆರೈಕೆ, ಒಟ್ಟು ಆರು ದಿನ ಪ್ರತಿ ನಾಯಿಗೂ ಒಂದು ಗೂಡು ಬೇಕು. ಹನ್ನೆರಡು ಆರಲೆ ಎಪ್ಪತ್ತೆರಡು. 72 ಗೂಡು ಇಲ್ಲದೆ ದಿನಕ್ಕೆ ಹನ್ನೆರಡು ಮಾಡಿ ಎಂದರೆ ಹೊಲಿಗೆ ಹಸಿಯಿರುವಾಗಲೇ ನಾಯಿಯನ್ನು ಬೀದಿಗೆ ಬಿಡುತ್ತಾರೆ. ಗೂಡು ಇರುವುದು 30 ಆದರೆ ದಿನಕ್ಕೆ ಐದಕ್ಕಿಂತ ಹೆಚ್ಚು ಮಾಡಬಾರದು. ಹೊಲಿಗೆ ಬಿಚ್ಚಿಕೊಂಡು ಸತ್ತ ನಾಯಿಯ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದಾಗ ವೈದ್ಯರನ್ನು ಬೈಯುತ್ತೇವೆ. ಗೂಡಿನ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ದಿನಕ್ಕೆ ಹನ್ನೆರಡರಲ್ಲಿ ಎಂಟು ಹೆಣ್ಣು ಎಂದರೆ ನಾವು ಹೇಳಿದ 160ರ ವಾರ್ಡ್ ಒಂದು 20 ಕೆಲಸದ ದಿನಗಳಲ್ಲಿ ಮುಗಿಯುತ್ತದೆ. 65 ವಾರ್ಡಿಗೆ 1,300 ದಿನ. ವರ್ಷಕ್ಕೆ 300 ಕೆಲಸದ ದಿನ ಹಿಡಿದರೆ ಒಂದೇ ಕೇಂದ್ರಕ್ಕೆ ನಾಲ್ಕು ವರ್ಷ ದಾಟುತ್ತದೆ, ಅಷ್ಟರಲ್ಲಿ ಮೊದಲು ಮುಗಿಸಿದ ವಾರ್ಡಿಗೆ ಹೊಸ ನಾಯಿ ಬಂದು ಸೇರಿರುತ್ತವೆ. ಮೂರು ಕೇಂದ್ರಗಳಿದ್ದರೆ ಒಂದೂವರೆ ವರ್ಷದೊಳಗೆ ಒಂದು ಸುತ್ತು ಮುಗಿಯುತ್ತದೆ. ವಾರ್ಡ್ ಆರಿಸುವಾಗ ನಾಯಿಗಳು ಸುಲಭವಾಗಿ ದಾಟದ ಗಡಿಗಳನ್ನು ನೋಡಿ: ರಿಂಗ್ ರಸ್ತೆ, ಚಾಮರಾಜನಗರದ ರೈಲು ಹಳಿ, ಕುಕ್ಕರಹಳ್ಳಿ ಅಥವಾ ಲಿಂಗಾಂಬುಧಿ ಕೆರೆಯಂಥವು. ನಕ್ಷೆಯ ಮೇಲಿನ ವಾರ್ಡ್ ಗೆರೆ ನಾಯಿಗೆ ಕಾಣುವುದಿಲ್ಲ.

ಹಿಡಿಯುವ ಮೊದಲು ಎಣಿಕೆ ಆಗಬೇಕು. ಬೆಳಿಗ್ಗೆ ಐದೂವರೆಯಿಂದ ಏಳೂವರೆಯೊಳಗೆ, ಹಾಲಿನ ಗಾಡಿ, ಪೌರಕಾರ್ಮಿಕರು ಬಿಟ್ಟರೆ ಜನ ಕಡಿಮೆ ಇರುವ ಹೊತ್ತಿನಲ್ಲಿ, ಒಂದೇ ದಾರಿಯಲ್ಲಿ ಮೂರು ದಿನ ನಡೆದು ಗಂಡು, ಹೆಣ್ಣು, ಮರಿ, ಆಪರೇಷನ್ ಆದದ್ದನ್ನು ತೋರುವ ಕಿವಿಗುರುತು ಇದೆಯೋ ಇಲ್ಲವೋ ಎಂದು ಬರೆದುಕೊಂಡರೆ ಸಾಕು, ದೊಡ್ಡ ತಂತ್ರಜ್ಞಾನವೇನೂ ಬೇಡ. ಬೀದಿಯಲ್ಲಿ ದಿನಾ ಅನ್ನ ಹಾಕುವವರು ಈ ಕೆಲಸದಲ್ಲಿ ಪಾಲಿಕೆಯ ಬಲಗೈ ಇದ್ದಂತೆ. ಯಾವ ಹೆಣ್ಣು ಎಲ್ಲಿ ಮಲಗುತ್ತದೆ, ಯಾವುದು ಮರಿ ಹಾಕಿ ಎಷ್ಟು ದಿನವಾಯಿತು ಎಂಬುದು ಅವರಿಗೆ ಬಾಯಿಪಾಠ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಊಟ ಹಾಕಲು ಪ್ರತ್ಯೇಕ ಜಾಗ ಗುರುತಿಸುವಂತೆ ಹೇಳಿದೆ. ಆ ಜಾಗಗಳನ್ನು ಶಾಲೆಯ ಗೇಟು, ಬಸ್ ತಂಗುದಾಣಗಳಿಂದ ದೂರ ಗುರುತಿಸಿದರೆ ನಾಯಿಗಳು ಹೊತ್ತಿಗೆ ಸರಿಯಾಗಿ ಅಲ್ಲಿಗೆ ಬರುತ್ತವೆ, ಹಿಡಿಯುವುದೂ ಹಗುರವಾಗುತ್ತದೆ. ಕೈಯಿಂದ ಅಥವಾ ಬಲೆಯಿಂದ ಹಿಡಿಯಬೇಕು. ಕಬ್ಬಿಣದ ಇಕ್ಕಳ, ತಂತಿ ಕುಣಿಕೆ ಬಳಸಿದರೆ ಕುತ್ತಿಗೆಗೆ ಗಾಯವಾಗುತ್ತದೆ, ಅಲ್ಲಿ ನೋಡುತ್ತಿದ್ದ ಉಳಿದ ನಾಯಿಗಳು ವಾರಗಟ್ಟಲೆ ಕೈಗೆ ಸಿಗುವುದಿಲ್ಲ. ಹಿಡಿದ ಕೂಡಲೇ ಕೊರಳಿಗೆ ಸಂಖ್ಯೆಯ ಪಟ್ಟಿ, ಜಾಗದ ಹೆಸರು, ಫೋಟೊ. ಹೊಟ್ಟೆಯಡಿ ಕೈಯಾಡಿಸಿ ಮೊಲೆ ಹಿಂಡಿ ನೋಡಬೇಕು. ಹಾಲು ಬಂದರೆ ಅದರ ಮರಿಗಳು ಎಲ್ಲೋ ಹಸಿದು ಕಾಯುತ್ತಿವೆ ಎಂದರ್ಥ, ಆ ತಾಯಿಯನ್ನು ಅಲ್ಲೇ ಬಿಟ್ಟು ಮರಿ ಹಾಲು ಬಿಟ್ಟ ಮೇಲೆ ಬರಬೇಕು. ಆರು ತಿಂಗಳೊಳಗಿನ ಮರಿಗಳನ್ನು ಹಿಡಿಯುವುದು ಬೇಡ.

ಆಪರೇಷನ್ ಮೇಜಿನ ಮೇಲೆ ಏನಾಗುತ್ತದೆ ಎಂಬುದನ್ನು ನಾಗರಿಕರೂ ತಿಳಿದಿರುವುದು ಒಳ್ಳೆಯದು. ದೊಡ್ಡ ನಾಯಿಗೆ ಹಿಂದಿನ ರಾತ್ರಿಯಿಂದ, ಸುಮಾರು 12 ಗಂಟೆ, ಊಟ ಕೊಡಬಾರದು. ಕೊಟ್ಟಿದ್ದರೆ ಜೈಲಜಿನ್ ಎಂಬ ಮಂಪರು ಮದ್ದು ಚುಚ್ಚಿದ ಕೂಡಲೇ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿಯಬಹುದು. ನೆರೆಯವರು ಕರುಣೆಯಿಂದ ಕೊಟ್ಟ ಎರಡು ಬನ್ನು ಜೀವ ತೆಗೆಯುವುದು ಹೀಗೆ. ಅರಿವಳಿಕೆಗೆ ಮೊದಲು ಒಸಡಿನ ಬಣ್ಣ, ಮೈ ಬಿಸಿ, ತೂಕ ನೋಡಲೇಬೇಕು. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಒಸಡು ಬಿಳಿಚಿದ್ದು ಕಿವಿ ತುಂಬ ಉಣ್ಣೆ ಕಚ್ಚಿಕೊಂಡಿದ್ದರೆ ಉಣ್ಣೆಜ್ವರದ ಅನುಮಾನ ಪಡಬೇಕು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿದ ನಾಯಿಯನ್ನು ಕೊಯ್ದರೆ ಗಂಟು ಎಷ್ಟೇ ಬಿಗಿಯಾಗಿದ್ದರೂ ರಕ್ತ ಒಸರುತ್ತಲೇ ಇರುತ್ತದೆ. ಅದಕ್ಕೆ ಡಾಕ್ಸಿಸೈಕ್ಲಿನ್ ಕೊಟ್ಟು ಗುಣವಾದ ಮೇಲೆ ಮಾಡಬೇಕು. ತೂಕ ಕಣ್ಣಂದಾಜಿನಲ್ಲಿ ಬರೆಯುವುದು ಇನ್ನೊಂದು ಕೆಟ್ಟ ರೂಢಿ. 11 ಕಿಲೋ ನಾಯಿಗೆ 16 ಕಿಲೋದ ಮದ್ದು ಹೋದರೆ ಅದು ಏಳುವುದೇ ಇಲ್ಲ. ನೆಲದ ಮೇಲಿಡುವ ಒಂದು ತಕ್ಕಡಿ ಸಾಕು.

ಹೆಣ್ಣುನಾಯಿಯಲ್ಲಿ ಎರಡೂ ಅಂಡಾಶಯ, ಗರ್ಭಕೋಶ ಪೂರ್ತಿಯಾಗಿ ಹೊರಬರಬೇಕು. ಬಲ ಅಂಡಾಶಯ ಮೂತ್ರಪಿಂಡದ ಹತ್ತಿರ ಆಳದಲ್ಲಿರುತ್ತದೆ. ಅದನ್ನು ಹಿಡಿದಿಟ್ಟ ದಾರದಂಥ ಅಂಗಾಂಶವನ್ನು ಬೆರಳಿನಿಂದ ಸಡಿಲಿಸಿ ಮೇಲೆ ತರುವ ತಾಳ್ಮೆ ಇಲ್ಲದೆ ಅವಸರದಲ್ಲಿ ಕತ್ತರಿಸಿದರೆ ಕಡಲೆಕಾಳಿನಷ್ಟು ತುಂಡು ಒಳಗೇ ಉಳಿಯುತ್ತದೆ. ಆರೆಂಟು ತಿಂಗಳಲ್ಲಿ ಆ ನಾಯಿ ಮತ್ತೆ ಬೆದೆಗೆ ಬರುತ್ತದೆ, ಉಳಿದ ಗರ್ಭಕೋಶದ ಮೋಟಿನಲ್ಲಿ ಕೀವು ತುಂಬಬಹುದು. ಆಪರೇಷನ್ ಆಗಿದ್ರೂ ಬೆದೆಗೆ ಬಂತಲ್ಲ ಎಂಬ ದೂರಿನ ಮೂಲ ಬಹುಪಾಲು ಇದೇ. ಅಂಡಾಶಯದ ರಕ್ತನಾಳಕ್ಕೆ ಹಾಕಿದ ಗಂಟು ಜಾರುವುದು ಎರಡನೆಯ ಅಪಾಯ. ಕೊಬ್ಬು ತುಂಬಿದ ನಾಯಿಯಲ್ಲಿ ಒಂದೇ ಗಂಟನ್ನು ನಂಬಬಾರದು, ಎರಡು ಹಾಕಬೇಕು, ಹೊಟ್ಟೆ ಮುಚ್ಚುವ ಮೊದಲು ಎರಡೂ ಬದಿ ಮತ್ತೊಮ್ಮೆ ನೋಡಬೇಕು. ಎರಡು ಗಂಟೆಯ ಮೇಲೂ ನಾಯಿ ತಣ್ಣಗೆ, ಒಸಡು ಬೆಳ್ಳಗೆ ಇದ್ದರೆ ಮದ್ದಿನ ಮಂಪರು ಎಂದು ಬಿಡದೆ ಹೊಟ್ಟೆಯೊಳಗೆ ರಕ್ತ ಹೋಗುತ್ತಿದೆಯೇ ಎಂದು ತಕ್ಷಣ ನೋಡಬೇಕು. ಕರಗುವ ದಾರದಲ್ಲಿ ಚರ್ಮದೊಳಗೇ ಹೊಲಿಗೆ ಹಾಕಿದರೆ ನೆಕ್ಕಿ ಬಿಚ್ಚುವ ಭಯ ಕಡಿಮೆ. ಹಾಲು ಪೂರ್ತಿ ಬತ್ತದ ನಾಯಿಗೆ ಪಕ್ಕೆಯಲ್ಲಿ ಕೊಯ್ದರೆ ಮೊಲೆಯ ಅಂಗಾಂಶ ತಪ್ಪುತ್ತದೆ. ಒಂದು ನಾಯಿಗೆ ಒಂದು ಸಲಕರಣೆ ಪೊಟ್ಟಣ, 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ 20 ನಿಮಿಷ ಶುದ್ಧಿಯಾದದ್ದು. ಒಂದೇ ಕತ್ತರಿಯನ್ನು ಡೆಟಾಲ್ ನೀರಿನಲ್ಲಿ ಅದ್ದಿ ಮುಂದಿನ ನಾಯಿಗೆ ಬಳಸುವ ಕೇಂದ್ರವನ್ನು ಅದೇ ದಿನ ಮುಚ್ಚಿಸಬೇಕು. ಅರಿವಳಿಕೆಗೆ ಜೈಲಜಿನ್, ಕೆಟಮಿನ್ ಇದ್ದರೆ ಸಾಕು, ನೋವಿಗೆ ಬೇರೆ ಮದ್ದು ಬೇಡ ಎಂಬುದನ್ನೂ ನಾವು ಒಪ್ಪುವುದಿಲ್ಲ. ನೋವಿನ ಮದ್ದು ಮೆಲಾಕ್ಸಿಕ್ಯಾಮ್ ದುಬಾರಿಯಲ್ಲ.

ಆಮೇಲಿನ ಮೊದಲ ರಾತ್ರಿ. ಸಿಮೆಂಟು ನೆಲದ ಮೇಲೆ ಬರಿಮೈಯಲ್ಲಿ ಮಲಗಿಸಿದ ನಾಯಿಯ ಮೈಬಿಸಿ ಬೇಗ ಇಳಿಯುತ್ತದೆ. ಒಣ ಗೋಣಿಚೀಲ ಹಾಸಿ, ಪಕ್ಕಕ್ಕೆ ಮಲಗಿಸಿ, ನಾಲಿಗೆ ಹೊರಗೆಳೆದಿಟ್ಟು, ಏಳುವವರೆಗೆ ಆಗಾಗ ಮಗ್ಗುಲು ಬದಲಿಸಬೇಕು. ಗೂಡು ತೊಳೆಯುವುದು ನಾಯಿಯನ್ನು ಬೇರೆ ಗೂಡಿಗೆ ಸರಿಸಿಯೇ. ನಾಯಿ ಒಳಗಿರುವಾಗಲೇ ಪೈಪಿನಲ್ಲಿ ನೀರು ಬಿಟ್ಟು ತೊಳೆದರೆ ಮೂರನೆಯ ದಿನ ಹೊಲಿಗೆಯ ಅಂಚು ಕೆಂಪಗೆ ಊದಿ, ಒತ್ತಿದರೆ ತೆಳ್ಳಗೆ ಕೀವು ಬರುವುದು ಕಾಣುತ್ತದೆ. ಬಿಡುಗಡೆಗೆ ದಿನ ಎಣಿಸಿದರೆ ಸಾಲದು. ಗಾಯ ಒಣಗಿರಬೇಕು, ನಾಯಿ ಉಂಡು ಮಲ ಮೂತ್ರ ಮಾಡಿರಬೇಕು.

ಅರಿವಳಿಕೆ ಇಳಿಯುವ ಮೊದಲೇ ಕಿವಿಯಂಚಿನಲ್ಲಿ ವಿ ಆಕಾರದ ಕಚ್ಚು ಹಾಕಿ ರಕ್ತ ನಿಲ್ಲಿಸುತ್ತಾರೆ. ಇದು ಚಿಕ್ಕದಾದರೆ ಕಚ್ಚಾಟದಲ್ಲಿ ಹರಿದ ಕಿವಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಆಪರೇಷನ್ ಆದ ಹೆಣ್ಣುನಾಯಿಯ ಹೊಟ್ಟೆಯನ್ನೇ ಮತ್ತೆ ಕೊಯ್ಯುವ ಅನ್ಯಾಯ ನಡೆಯುತ್ತದೆ. ಹತ್ತು ಮಾರು ದೂರದಿಂದ ಕಾಣುವಷ್ಟು ಸ್ಪಷ್ಟವಾಗಿ, ಇಡೀ ಊರಿನಲ್ಲಿ ಒಂದೇ ಬದಿಯ ಕಿವಿಗೆ ಹಾಕಿಸಿ. ರೇಬಿಸ್ ಲಸಿಕೆ ಅದೇ ಹೊತ್ತಿಗೆ. ನಾಯಿಗಳ ಪೈಕಿ ನೂರಕ್ಕೆ 70ಕ್ಕೆ ಲಸಿಕೆ ಬಿದ್ದರೆ ಹುಚ್ಚುನಾಯಿ ರೋಗದ ಸರಪಳಿ ತುಂಡಾಗುತ್ತದೆ ಎಂಬುದು ಲೋಕವೆಲ್ಲ ಒಪ್ಪಿದ ಅಳತೆ. ಆದರೆ ಆ ಲಸಿಕೆಯನ್ನು ವರ್ಷವರ್ಷವೂ ಕೊಡಬೇಕು. ಕಿವಿಗುರುತು ಇದೆ, ಲಸಿಕೆಯೂ ಇದೆ ಎಂದು ನಂಬಿ ಕೂರಬೇಡಿ. ಯಾವ ನಾಯಿ ಕಚ್ಚಿದರೂ, ಪರಚಿದರೂ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಹಿಡಿದ ಜಾಗದಲ್ಲೇ ಬಿಡಬೇಕೆಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುತ್ತವೆ. ಸರಸ್ವತಿಪುರಂ ನಾಯಿಯನ್ನು ಬೋಗಾದಿ ಆಚೆ ಬಿಟ್ಟರೆ ಅದು ಅಲ್ಲಿನ ನಾಯಿಗಳ ಕಚ್ಚಾಟಕ್ಕೋ ಲಾರಿಗೋ ಬಲಿಯಾಗುತ್ತದೆ, ಇತ್ತ ಖಾಲಿಯಾದ ಬೀದಿಗೆ ಆಪರೇಷನ್ ಆಗದ ಇನ್ನೊಂದು ಬರುತ್ತದೆ. ಇದಕ್ಕೆ ಈಗ ಒಂದು ಹೊರತೂ ಇದೆ. 2025ರ ನವೆಂಬರ್ 7ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡದೆ ಆಶ್ರಯಧಾಮಕ್ಕೆ ಕಳಿಸಲು ಹೇಳಿದೆ. ಇಲ್ಲಿ ಒಂದು ಅಪಾಯವನ್ನು ಈಗಲೇ ಹೇಳಬೇಕು. ಆ ನಾಯಿಗಳನ್ನು ಆಪರೇಷನ್ ಕೇಂದ್ರದ ಗೂಡುಗಳಲ್ಲೇ ಇರಿಸಿದರೆ 72 ಗೂಡೂ ಕೆಲವೇ ವಾರಗಳಲ್ಲಿ ಕಾಯಂ ನಿವಾಸಿಗಳಿಂದ ತುಂಬಿ ಆಪರೇಷನ್ನೇ ನಿಲ್ಲುತ್ತದೆ. ಆಶ್ರಯಧಾಮಕ್ಕೆ ಬೇರೆ ಜಾಗ, ಬೇರೆ ಸಿಬ್ಬಂದಿ, ಬೇರೆ ಹಣ ಇರಲಿ.

ಇನ್ನು ಮನೆಯವರಿಗೆ. ಬೀದಿನಾಯಿಗಳಲ್ಲಿ ಎಷ್ಟೋ ನಮ್ಮ ನಿಮ್ಮ ಗೇಟಿನೊಳಗೆ ಹುಟ್ಟಿದವು. ಒಂದು ಸಲವಾದರೂ ಮರಿ ಹಾಕಲಿ ಪಾಪ, ಆಮೇಲೆ ಮಾಡಿಸೋಣ ಎನ್ನುವುದಕ್ಕೆ ವೈದ್ಯಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ಮೊದಲ ಬೆದೆಗೆ ಮುನ್ನ ಮಾಡಿಸಿದ ಹೆಣ್ಣುನಾಯಿಗೆ ಮೊಲೆಯ ಗೆಡ್ಡೆ ಬರುವುದು ತೀರಾ ವಿರಳ, ಗರ್ಭಕೋಶದಲ್ಲಿ ಕೀವು ತುಂಬುವ ಪ್ರಾಣಾಂತಕ ರೋಗದ ಭಯವೂ ಇರುವುದಿಲ್ಲ. ಮುಧೋಳ, ನಾಡನಾಯಿ, ಪಮೇರಿಯನ್‌ಗಳಿಗೆ ಆರೇಳು ತಿಂಗಳಲ್ಲಿ ಮಾಡಿಸಬಹುದು. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್‌ಗಳ ಕೀಲು ಬೆಳೆಯಲು ಸಮಯ ಬೇಕು, ವರ್ಷ ತುಂಬುವವರೆಗೆ ಕಾಯುವಂತೆ ವೈದ್ಯರು ಹೇಳಿದರೆ ಕಾಯಿರಿ. ಆದರೆ ಆ ನಡುವೆ ಬೆದೆ ಬಂದರೆ ಮೂರು ವಾರ ಒಳಗೇ ಇಟ್ಟುಕೊಳ್ಳಬೇಕು. ರಕ್ತ ಕಾಣುವ ಮೊದಲ ವಾರಕ್ಕಿಂತ, ರಕ್ತ ತಿಳಿಯಾಗುವ ಎರಡನೆಯ ವಾರದಲ್ಲಿ ಗಬ್ಬ ನಿಲ್ಲುವ ಸಂಭವ ಹೆಚ್ಚು. ರಕ್ತ ನಿಂತಿತು ಎಂದು ಬಾಗಿಲು ತೆಗೆದವರ ಮನೆಯಲ್ಲೇ ಮರಿಯಾಗುವುದು. ಬೆದೆ ಮುಗಿದು ಎರಡು ಮೂರು ತಿಂಗಳ ಮೇಲೆ ಆಪರೇಷನ್ ಮಾಡಿಸಿ. ದಪ್ಪಗಾಗುತ್ತದೆ ಎಂಬುದು ಅರ್ಧ ನಿಜ. ಊಟವನ್ನು ಕಾಲು ಭಾಗ ಇಳಿಸಿದರೆ ಆಗುವುದಿಲ್ಲ. ಮನೆ ಕಾಯುವುದನ್ನು ಯಾವ ನಾಯಿಯೂ ಆಪರೇಷನ್ನಿನಿಂದ ಮರೆಯುವುದಿಲ್ಲ.

ಬೇಡದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಕಲ್ಯಾಣಮಂಟಪದ ಹಿಂದೆ, ಮಾಂಸದಂಗಡಿಯ ಮುಂದೆ ಬಿಟ್ಟು ಹೋದರೆ ಹೇಗೋ ಬದುಕುತ್ತವೆ ಎಂದುಕೊಳ್ಳಬೇಡಿ. ಹಸಿದು ಬಾಯಾರಿ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮಿನಡಿ ಅಪರಾಧ. ತಳಿನಾಯಿಗಳನ್ನು ಸಾಕಿ ಮರಿ ಮಾರುವವರು 2017ರ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೊ ಹಾಕಿ 35 ದಿನದ ಮರಿಯನ್ನು ಬಸ್ಸಿನಲ್ಲಿ ಕಳಿಸುವವರನ್ನು ಕೇಳುವವರೇ ಇಲ್ಲವಾಗಿದೆ. ಪಾಲಿಕೆ ಮತ್ತು ಇಲಾಖೆ ಒಟ್ಟಾಗಿ ತಿಂಗಳಿಗೆ ಒಮ್ಮೆಯಾದರೂ ತಪಾಸಣೆ ನಡೆಸಲಿ. ಸಾಕುನಾಯಿ ಪರವಾನಗಿಯ ಶುಲ್ಕವನ್ನು ಆಪರೇಷನ್ ಆದ ನಾಯಿಗೆ ನಾಮಮಾತ್ರ, ಆಗದ ನಾಯಿಗೆ ಹಲವು ಪಟ್ಟು ಎಂದು ಇಟ್ಟರೆ ಜನ ತಾವಾಗಿಯೇ ಆಸ್ಪತ್ರೆಗೆ ಬರುತ್ತಾರೆ.

ದತ್ತು ಶಿಬಿರಗಳ ಬಗ್ಗೆ ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕು. ಶಾಮಿಯಾನದಡಿ ಇಟ್ಟ ಮರಿಗಳ ಪೆಟ್ಟಿಗೆಯಲ್ಲಿ ಮಧ್ಯಾಹ್ನದೊಳಗೆ ಗಂಡುಮರಿಗಳೆಲ್ಲ ಖಾಲಿ. ಸಂಜೆ ಉಳಿಯುವುದು ಹೆಣ್ಣುಮರಿಗಳು, ಅವು ಮತ್ತೆ ಬೀದಿಗೆ ಹೋಗುತ್ತವೆ. ಗಂಡನ್ನಷ್ಟೇ ದತ್ತು ಕೊಟ್ಟರೆ ಮುಂದಿನ ವರ್ಷದ ಮರಿಗಳ ಲೆಕ್ಕದಲ್ಲಿ ಒಂದೂ ಕಡಿಮೆಯಾಗುವುದಿಲ್ಲ. ಹೆಣ್ಣುಮರಿ ಒಯ್ದ ಮನೆಯವರೂ ಎಂಟನೆಯ ತಿಂಗಳಲ್ಲಿ ರಕ್ತ ಕಂಡು, ಗೇಟಿನ ಮುಂದೆ ಗಂಡುನಾಯಿಗಳ ಸಾಲು ಕಂಡು ಗಾಬರಿಯಾಗಿ ಹೊರಗೆ ಬಿಡುತ್ತಾರೆ. ಆದ್ದರಿಂದ ದತ್ತು ಕೊಡುವ ದಿನವೇ ಆಪರೇಷನ್ ತಿಂಗಳು ಬರೆದ, ಉಚಿತ ಶಸ್ತ್ರಚಿಕಿತ್ಸೆಯ ಚೀಟಿ ಕೈಗೆ ಕೊಡಿ. ಹೆಣ್ಣುಮರಿಗೆ ಇದು ಕಡ್ಡಾಯವಾಗಲಿ. ಒಂದಿಷ್ಟು ಠೇವಣಿ ಇರಿಸಿಕೊಂಡು ಆಪರೇಷನ್ ಪ್ರಮಾಣಪತ್ರ ತಂದ ದಿನ ಹಿಂತಿರುಗಿಸಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಇರಲಿ, ನಾಯಿ ಮರಳಿ ಬರಲು ಮೊದಲ ಕಾರಣ ಅದೇ. ಮನೆಯಲ್ಲಿ ಹಗಲು ಎಷ್ಟು ಹೊತ್ತು ಜನರಿರುತ್ತಾರೆ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಬೇಕಾಗಿಲ್ಲ. ಮೂರನೆಯ ದಿನ, ಹದಿನೈದನೆಯ ದಿನ, ಮೂರನೆಯ ತಿಂಗಳು, ಏಳನೆಯ ತಿಂಗಳು ಫೋನು ಮಾಡಬೇಕು. ಆಪರೇಷನ್ ಆಯಿತೇ ಎಂದು ಕೇಳುವ ಕೊನೆಯದ್ದೇ ಮುಖ್ಯ, ಅದನ್ನೇ ಎಲ್ಲರೂ ಮರೆಯುವುದು.

ಶಿಬಿರದ ಇನ್ನೊಂದು ಅಪಾಯ ಪಾರ್ವೊ. ಲಸಿಕೆಯಾಗದ, ಬೇರೆಬೇರೆ ಬೀದಿಯ ಮರಿಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟರೆ ಸೋಂಕಿರುವ ಒಂದರಿಂದ ಎಲ್ಲಕ್ಕೂ ಹರಡುತ್ತದೆ. ಒಯ್ದ ಮನೆಯಲ್ಲಿ ನಾಲ್ಕೈದು ದಿನಕ್ಕೆ ವಾಂತಿ, ರಕ್ತಭೇದಿ. ಆ ಮನೆಯ ಅಂಗಳದಲ್ಲಿ ವೈರಾಣು ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್‌ಗೆ ಅದು ಸಾಯುವುದಿಲ್ಲ, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಮರಿ ಎಂಟು ವಾರ ತುಂಬುವವರೆಗೆ ತಾಯಿಯ ಜೊತೆಯೇ ಇರಲಿ. ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ, ಹದಿನಾರು ವಾರದವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮರುಡೋಸು, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಹದಿನೈದು ದಿನಕ್ಕೊಮ್ಮೆ ಜಂತುಹುಳದ ಔಷಧಿ. ಒಂದು ತಾಯಿಯ ಮರಿಗಳನ್ನು ಇನ್ನೊಂದರ ಮರಿಗಳ ಜೊತೆ ಬೆರೆಸಬೇಡಿ.

ಬೆಕ್ಕುಗಳನ್ನೂ ಯೋಜನೆಗೆ ಸೇರಿಸಿ. ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬವಾಗಬಲ್ಲದು, ಮರಿಗೆ ಹಾಲು ಕೊಡುತ್ತಿರುವಾಗಲೇ ಮತ್ತೆ ಗಬ್ಬ ಕಟ್ಟುತ್ತದೆ, ನಮ್ಮ ಹವೆಯಲ್ಲಿ ವರ್ಷವಿಡೀ ಮರಿ ಹಾಕುತ್ತದೆ. ಬಲೆಗೆ ಬೀಳುವ ಪ್ರಾಣಿ ಅದಲ್ಲ. ಮೀನಿನ ವಾಸನೆಯ ಪಂಜರ ಬೇಕು. ಬೆಕ್ಕಿಗೆ ಜ್ವರವೆಂದು ಪ್ಯಾರಸಿಟಮಾಲನ್ನು ಎಂದೂ ಕೊಡಬೇಡಿ, ಒಂದೇ ಮಾತ್ರೆಗೆ ಸಾಯಬಹುದು.

ಮಂಡ್ಯ ನಗರಸಭೆ, ಶ್ರೀರಂಗಪಟ್ಟಣ, ನಂಜನಗೂಡು, ತಿ. ನರಸೀಪುರದ ಕಡೆಯವರಿಗೂ ಒಂದು ಮಾತು. ಕಬ್ಬಿನ ಗದ್ದೆಯೊಳಗೆ ಮರಿ ಹಾಕಿದ ನಾಯಿಯನ್ನು ಬಲೆ ಹಿಡಿದು ಹುಡುಕುವುದು ಆಗದ ಕೆಲಸ. ಅದೇ ನಾಯಿಯ ಹಿಂದೆ ಚಿರತೆಯೂ ಊರಂಚಿಗೆ ಬರುತ್ತದೆ. ಆದರೆ ಹಳ್ಳಿಯ ನಾಯಿಗಳಿಗೆ ಹಗ್ಗವಿಲ್ಲದಿದ್ದರೂ ಒಡೆಯರಿದ್ದಾರೆ. ಆಲೆಮನೆಯ ನಾಯಿ ಆಲೆಮನೆಯವರು ಕೂಗಿದರೆ ಬರುತ್ತದೆ. ಹಳ್ಳಿಗಳಲ್ಲಿ ವ್ಯಾನಿಗಿಂತ ಪಶು ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿ, ಒಡೆಯರೇ ತರುವಂತೆ ಮಾಡುವ ಶಿಬಿರವೇ ಲೇಸು. ಹಿಂದಿನ ಸಂಜೆ ಊಟ ಹಾಕಬೇಡಿ ಎಂದು ಹಾಲಿನ ಡೇರಿಯಲ್ಲಿ ಚೀಟಿ ಅಂಟಿಸಿದರೆ ಊರಿಗೆಲ್ಲ ತಲುಪುತ್ತದೆ.

ಕಡೆಯದಾಗಿ ಟೆಂಡರಿನ ಷರತ್ತುಗಳು. ಕಡಿಮೆ ದರ ಬರೆದವರಿಗೆ ಕೆಲಸ ಎಂಬ ಒಂದೇ ಅಳತೆಗೋಲು ಸಾಲದು. ಕಡಿಮೆ ದರ ಎಲ್ಲಿಂದ ಬರುತ್ತದೆ ಎಂದರೆ ನೋವಿನ ಮದ್ದಿನಿಂದ, ದಾರದಿಂದ, ನಾಲ್ಕು ದಿನದ ಊಟದಿಂದ. ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇರುವ, ಗೂಡು ಮತ್ತು ಶಸ್ತ್ರಚಿಕಿತ್ಸಕರ ಲೆಕ್ಕ ಸರಿಯಿರುವ ಸಂಸ್ಥೆಗಳನ್ನಷ್ಟೇ ದರದ ಲಕೋಟೆ ತೆರೆಯುವ ಹಂತಕ್ಕೆ ಬಿಡಿ. ತೆಗೆದ ಅಂಗಗಳನ್ನು ಕೆಡದಂತೆ ಫಾರ್ಮಲಿನ್ ದ್ರಾವಣದಲ್ಲಿ ಇರಿಸಿ, ಈ ಕೆಲಸದ ಮೇಲ್ವಿಚಾರಣಾ ಸಮಿತಿ ಬಂದು ಎಣಿಸಿ, ದಾಖಲೆಗೆ ತಾಳೆ ನೋಡಿದ ಮೇಲೆಯೇ ಬಿಲ್ಲು ಪಾಸಾಗಲಿ. ಎಣಿಸುವಾಗ ಎರಡೂ ಅಂಡಾಶಯ ಇವೆಯೇ ಎಂದೂ ನೋಡಲಿ. ಸತ್ತ ನಾಯಿಗಳ ಸಂಖ್ಯೆ, ಕಾರಣ ಮುಚ್ಚಿಡದೆ ಬರೆಸಿ. ಸಾವು ಸೊನ್ನೆ ಎಂದು ತಿಂಗಳುಗಟ್ಟಲೆ ಬರೆದ ಪುಸ್ತಕವನ್ನು ನಾವು ನಂಬುವುದಿಲ್ಲ. ಮುಗಿಸಿದ ವಾರ್ಡಿನಲ್ಲಿ ಆರು ತಿಂಗಳಿಗೊಮ್ಮೆ ಅದೇ ದಾರಿಯಲ್ಲಿ ಮತ್ತೆ ಎಣಿಸಿ, ಕಿವಿಗುರುತಿಲ್ಲದ ಹೆಣ್ಣು ಹಾಗೂ ಹಾಲುಣ್ಣುವ ಮರಿಗಳ ಸಂಖ್ಯೆಯನ್ನು ಪಾಲಿಕೆಯ ಜಾಲತಾಣದಲ್ಲಿ ಹಾಕಿ. ಎಷ್ಟು ಆಪರೇಷನ್ ಆಯಿತು ಎಂಬುದಕ್ಕಿಂತ ಆ ಎರಡು ಅಂಕಿಗಳೇ ಕೆಲಸದ ಅಳತೆ.

ಮೇಲ್ವಿಚಾರಣಾ ಸಮಿತಿಯ ಮುಂದಿನ ಸಭೆಯ ದಿನಾಂಕವನ್ನೂ, ಮೊದಲು ಕೈಗೆತ್ತಿಕೊಳ್ಳುವ ಮೂರು ವಾರ್ಡುಗಳ ಹೆಸರನ್ನೂ ಪ್ರಕಟಿಸಿ ಎಂದು ಕೋರುತ್ತೇವೆ. ಆ ವಾರ್ಡುಗಳ ಎಣಿಕೆಗೆ ಬೆಳಗಿನ ಹೊತ್ತು ನಡೆಯಲು, ಹಾಲೂಡುವ ತಾಯಿನಾಯಿಗಳ ಪಟ್ಟಿ ಮಾಡಿಕೊಡಲು, ದತ್ತು ಹೋದ ಹೆಣ್ಣುಮರಿಗಳ ಏಳನೆಯ ತಿಂಗಳ ಫೋನು ಮಾಡಲು ನಾವು ಸಿದ್ಧರಿದ್ದೇವೆ.

ಇಂತಿ,
ಬೀದಿಪ್ರಾಣಿಗಳ ಶಸ್ತ್ರಚಿಕಿತ್ಸೆ, ಆರೈಕೆ ಮತ್ತು ದತ್ತು ಕೆಲಸದಲ್ಲಿ ತೊಡಗಿರುವ ಪಶುವೈದ್ಯರು ಹಾಗೂ ಕಾರ್ಯಕರ್ತರು
ಮೈಸೂರು